ಮಾಚಿಕಾಯಿ ಶಾಯಿಯಲ್ಲಿ ಬರೆದ ಸಂಗೀತ

ಎಳೆಮಗು ಇರುವ ಮನೆಯಲ್ಲಿ ಮಾಚಿಕಾಯಿ ಇದ್ದೇ ಇರುತ್ತಿತ್ತು. ಬಜೆ, ಜಾಯಿಕಾಯಿ ಜೊತೆ ಅದನ್ನೂ ಗ್ರಂಥಿಗೆ ಅಂಗಡಿಯಿಂದ ತಂದಿಡುತ್ತಿದ್ದರು. ಅಜ್ಜಿ ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಮಗುವಿನ ನಾಲಿಗೆಗೆ ಹಚ್ಚುತ್ತಿದ್ದಳು. ಹೆಸರಲ್ಲಿ ಕಾಯಿ ಇದ್ದರೂ ಅದು ಕಾಯಿಯಲ್ಲ. ಓಕ್ ಜಾತಿಯ ಮರದ ಕೊಂಬೆಗೆ ಒಂದು ಸಣ್ಣ ಕಣಜ ಮೊಟ್ಟೆ ಇಟ್ಟಾಗ ಮರ ಅದರ ಸುತ್ತ ಕಟ್ಟಿಕೊಳ್ಳುವ ಗಂಟು. ಬಾಯಿಗಿಟ್ಟರೆ ವಿಪರೀತ ಒಗರು.

ಆ ಒಗರಿನಿಂದಲೇ ಯುರೋಪಿನವರು ನೂರಾರು ವರ್ಷ ಶಾಯಿ ಮಾಡಿದರು. ಓಕ್ ಮರದ ಗಂಟನ್ನು ಪುಡಿ ಮಾಡಿ ನೀರಲ್ಲಿ ನೆನೆಸಬೇಕು. ಅದಕ್ಕೆ ಅನ್ನಭೇದಿ ಹಾಕಬೇಕು. ಅನ್ನಭೇದಿ ಅಂದರೆ ಹಸಿರು ಹರಳಿನ ಕಬ್ಬಿಣದ ಲವಣ. ಒಗರೂ ಕಬ್ಬಿಣವೂ ಸೇರಿದ ಕೂಡಲೇ ನೀರು ಕಪ್ಪಾಗುತ್ತದೆ. ಸ್ವಲ್ಪ ಗೋಂದು ಬೆರೆಸಿದರೆ ಲೇಖನಿಯಿಂದ ಹದವಾಗಿ ಇಳಿಯುತ್ತದೆ. ಒಣಗಿದ ಮೇಲೆ ನೀರು ಬಿದ್ದರೂ ಸುಲಭಕ್ಕೆ ಹೋಗಲ್ಲ. ಸುಮಾರು ಮುನ್ನೂರು ವರ್ಷದ ಹಿಂದೆ ಜರ್ಮನಿಯಲ್ಲಿದ್ದ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಕೃತಿಗಳನ್ನು ಬರೆದದ್ದು ಇಂಥ ಶಾಯಿಯಲ್ಲಿ. ಅವನ ಸಂಗೀತ ಇಷ್ಟು ಕಾಲ ಉಳಿದಿರುವುದಕ್ಕೆ ಈ ಶಾಯಿ ಕಾರಣ. ಆ ಹಾಳೆಗಳು ಈಗ ತೂತು ಬೀಳುತ್ತಿರುವುದಕ್ಕೂ ಇದೇ ಶಾಯಿ ಕಾರಣ.

ಶಾಯಿಯಲ್ಲಿ ಆಮ್ಲ ಉಳಿದುಕೊಂಡಿರುತ್ತದೆ, ಮಿಕ್ಕಿದ ಕಬ್ಬಿಣವೂ ಇರುತ್ತದೆ. ಎರಡೂ ಸೇರಿ ಕಾಗದದ ನಾರನ್ನು ನಿಧಾನಕ್ಕೆ ತಿನ್ನುತ್ತವೆ. ಮೊದಲು ಅಕ್ಷರದ ಸುತ್ತ ಕಂದು ಬಣ್ಣ ಹರಡುತ್ತದೆ. ಆಮೇಲೆ ಹಿಂದಿನ ಪುಟದ ಬರಹ ಈ ಕಡೆ ಕಾಣತೊಡಗುತ್ತದೆ. ಕೊನೆಗೆ ಸ್ವರದ ಕಪ್ಪು ಚುಕ್ಕಿ ಇದ್ದ ಜಾಗವೇ ಉದುರಿ ಬೀಳುತ್ತದೆ. ಬಾಖ್ ಎಲ್ಲಿ ಹೆಚ್ಚು ಸ್ವರ ಬರೆದನೋ ಅಲ್ಲಿ ಹೆಚ್ಚು ಶಾಯಿ. ಎಲ್ಲಿ ಹೆಚ್ಚು ಶಾಯಿಯೋ ಅಲ್ಲಿ ಹಾಳೆ ಬೇಗ ಸಾಯುತ್ತದೆ. ಅವನ ಸಂಗೀತ ಅತಿ ದಟ್ಟವಾಗಿರುವ ಕಡೆಯೇ ಕಾಗದ ಅತಿ ದುರ್ಬಲವಾಗಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಈ ಹಾಳೆಗಳು ಎಲ್ಲಿವೆ? ಬಾಖ್‌ನ ಕೈಬರಹದಲ್ಲಿ ಉಳಿದಿರುವುದರಲ್ಲಿ ಸುಮಾರು ಶೇಕಡಾ 80ರಷ್ಟು ಬರ್ಲಿನ್ ಸರ್ಕಾರಿ ಗ್ರಂಥಾಲಯದ ಸಂಗೀತ ವಿಭಾಗದಲ್ಲಿದೆ. ಇನ್ನೊಂದು ಮುಖ್ಯ ಭಾಗ ಲೈಪ್‌ಝಿಗ್‌ನ ಬಾಖ್ ಆರ್ಕೈವ್‌ನಲ್ಲಿದೆ. ಅದು 1950ರಲ್ಲಿ ಶುರುವಾದ ಸಂಸ್ಥೆ. ಸಂಗೀತದ ಆರ್ಕೈವ್ ಅಂದರೆ ಹಳೆಯ ಹಾಡಿನ ಪುಸ್ತಕ ಜೋಡಿಸಿಟ್ಟ ಕಪಾಟು ಅಂತ ನಾನೂ ಅಂದುಕೊಂಡಿದ್ದೆ. ಹಾಡು ಹೇಗೂ ಅಚ್ಚಾಗಿದೆಯಲ್ಲ, ಮೂಲ ಹಾಳೆ ಇಟ್ಟುಕೊಂಡು ಏನು ಮಾಡುತ್ತಾರೆ ಅನ್ನೋ ಪ್ರಶ್ನೆ ಬರುವುದು ಸಹಜ. ಅದಕ್ಕೆ ಉತ್ತರ ಹಾಳೆಯಲ್ಲೇ ಇದೆ. ಹಾಳೆ ಬರೀ ಸ್ವರ ಹೇಳುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು, ಯಾವ ಅವಸರದಲ್ಲಿ ಬರೆದರು, ಆಮೇಲೆ ಯಾರು ತಿದ್ದಿದರು ಅನ್ನುವುದನ್ನೂ ಹೇಳುತ್ತದೆ. ಅಚ್ಚಾದ ಪುಸ್ತಕದಲ್ಲಿ ಇದ್ಯಾವುದೂ ಇರುವುದಿಲ್ಲ.

ನಮ್ಮ ಕರ್ನಾಟಕ ಸಂಗೀತದಲ್ಲಿ ಪುಸ್ತಕದ ಕೆಲಸ ಬೇರೆ. ಸರಳೆ ವರಸೆಯಿಂದ ಶುರುವಾಗಿ ಪಿಳ್ಳಾರಿ ಗೀತೆ, ವರ್ಣ ದಾಟಿ ಕೀರ್ತನೆಗೆ ಬರುವಷ್ಟರಲ್ಲಿ ನೋಟ್‌ಬುಕ್ ತುಂಬಿರುತ್ತದೆ, ನಿಜ. ಆದರೆ ಅದರಲ್ಲಿ ಬರೆದ ಸ್ವರ ನೆನಪಿಗೆ ಮಾತ್ರ. ಗಮಕ ಹೇಗೆ, ಯಾವ ಸ್ವರವನ್ನು ಎಷ್ಟು ತೂಗಬೇಕು ಅನ್ನುವುದೆಲ್ಲ ಮೇಷ್ಟ್ರ ಗಂಟಲಲ್ಲಿ ಇರುತ್ತದೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಗಮಕಕ್ಕೂ ಗುರುತುಗಳನ್ನು ಹಾಕಿದರು. ಅಷ್ಟಾದರೂ ನಾವು ಕಲಿಯುವುದು ಕೇಳಿಯೇ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಹಾಗಲ್ಲ. ಇಪ್ಪತ್ತು ಜನ ನುಡಿಸುವವರು, ಹತ್ತಾರು ಜನ ಹಾಡುವವರು, ಒಬ್ಬೊಬ್ಬರದೂ ಬೇರೆ ಬೇರೆ ಸಾಲು. ಅದನ್ನು ಕಾಗದದ ಮೇಲೆ ಬರೆಯದೆ ಕಟ್ಟುವುದಕ್ಕೇ ಆಗುವುದಿಲ್ಲ. ಕಾಗದ ಹೋದರೆ ಹಾಡೂ ಹೋಯಿತು.

ಆ ಕಾಗದದಲ್ಲೂ ಎರಡು ಬಗೆ. ಇದನ್ನು ನಮ್ಮ ಹಳ್ಳಿ ನಾಟಕದಿಂದ ಅರ್ಥ ಮಾಡಿಕೊಳ್ಳುವುದು ಸುಲಭ. ಪೂರ್ತಿ ನಾಟಕ ಇರುವುದು ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ಭೀಮನ ಪಾರ್ಟು ಮಾಡುವವನ ಕೈಯಲ್ಲಿ ಭೀಮನ ಮಾತು ಮಾತ್ರ ಬರೆದ ಹಾಳೆ, ಜೊತೆಗೆ ಎದುರಿನವರ ಮಾತಿನ ಕೊನೆಯ ಎರಡು ಪದ. ಆರ್ಕೆಸ್ಟ್ರಾದಲ್ಲೂ ಅಷ್ಟೆ. ಎಲ್ಲರ ಸಾಲೂ ಒಂದರ ಕೆಳಗೊಂದು ಇರುವ ಪೂರ್ತಿ ಬರಹಕ್ಕೆ ಸ್ಕೋರ್ ಅನ್ನುತ್ತಾರೆ. ವಯೊಲಿನ್‌ನವನಿಗೆ ಅವನ ಸಾಲು ಮಾತ್ರ ಬಿಡಿಸಿ ಬರೆದುಕೊಟ್ಟ ಹಾಳೆಗೆ ಪಾರ್ಟ್ ಅಂತಲೇ ಹೆಸರು. ಬರ್ಲಿನ್‌ನ ಕಪಾಟಿನ ನಂಬರ್‌ಗಳಲ್ಲೂ ಈ ಭೇದ ಇದೆ. ಜರ್ಮನ್ ಭಾಷೆಯಲ್ಲಿ ಸ್ಕೋರ್‌ಗೆ ಪಾರ್ಟಿಟೂರ್, ಪಾರ್ಟ್‌ಗಳಿಗೆ ಷ್ಟಿಮ್ಮೆನ್. ಹಾಗಾಗಿ ಬಾಖ್ ಪಿ 25 ಅಂದರೆ ಒಂದು ಸ್ಕೋರ್, ಬಾಖ್ ಎಸ್‌ಟಿ ಅಂತ ಶುರುವಾದರೆ ಪಾರ್ಟ್‌ಗಳ ಕಟ್ಟು. ಈ ಪಿ 25 ಸಂತ ಮತ್ತಾಯನ ಪ್ಯಾಷನ್, ಅಂದರೆ ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹಾಡಿನಲ್ಲಿ ಹೇಳುವ ದೊಡ್ಡ ಕೃತಿ. 1736ರ ಹೊತ್ತಿಗೆ ಬಾಖ್ ಅದರ ಶುದ್ಧಪ್ರತಿ ಮಾಡಿದ. ಬೈಬಲ್‌ನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದ. ಎಷ್ಟೋ ವರ್ಷದ ಮೇಲೆ ಮೊದಲ ಹಾಳೆಗಳ ಅಂಚು ಹಾಳಾದಾಗ, ತಾನೇ ಕಾಗದದ ಪಟ್ಟಿ ಅಂಟಿಸಿ, ಹೋದ ಸ್ವರಗಳನ್ನು ಮತ್ತೆ ಬರೆದು ಸರಿಮಾಡಿದ. ತನ್ನ ಹಾಳೆಗೆ ತಾನೇ ತೇಪೆ ಹಾಕಿದ ಮನುಷ್ಯ ಅವನು.

ಎಲ್ಲ ಹಾಳೆಗೂ ಇಂಥ ಆರೈಕೆ ಸಿಗಲಿಲ್ಲ. 1723ರಲ್ಲಿ ಲೈಪ್‌ಝಿಗ್‌ನ ಸಂತ ತೋಮಸ್ ಶಾಲೆಗೆ ಸಂಗೀತದ ಮೇಷ್ಟ್ರಾಗಿ ಬಂದ ಬಾಖ್, ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಭಾನುವಾರಕ್ಕೊಂದರಂತೆ ಚರ್ಚಿಗೆ ಕ್ಯಾಂಟಾಟಾ ಬರೆದ. ಕ್ಯಾಂಟಾಟಾ ಅಂದರೆ ಇಪ್ಪತ್ತು ನಿಮಿಷದ ಆಸುಪಾಸಿನ, ಗಾಯಕರೂ ವಾದ್ಯಗಳೂ ಸೇರಿದ ಕೃತಿ. ಸ್ಕೋರ್ ಮುಗಿಯುತ್ತಿದ್ದಂತೆ ಮನೆಯವರು, ಶಿಷ್ಯರು ಕೂತು ಪಾರ್ಟ್‌ಗಳನ್ನು ನಕಲು ಮಾಡುತ್ತಿದ್ದರು. ಹೆಂಡತಿ ಅನ್ನಾ ಮಗ್ದಲೇನಾ, ಗಂಡುಮಕ್ಕಳು, ಶಾಲೆಯ ಹುಡುಗರು ಎಲ್ಲರ ಕೈಬರಹವೂ ಇದೆ. ಇವತ್ತು ಸುಮಾರು 200 ಚರ್ಚ್ ಕ್ಯಾಂಟಾಟಾಗಳು ಉಳಿದಿವೆ. ಬಾಖ್ ತೀರಿಕೊಂಡ ಮೇಲೆ ಅವನ ಬಗ್ಗೆ 1754ರಲ್ಲಿ ಅಚ್ಚಾದ ಬರಹದಲ್ಲಿ, ಐದು ವರ್ಷಗಳ ಎಲ್ಲ ಭಾನುವಾರ ಮತ್ತು ಹಬ್ಬಗಳಿಗೆ ಆಗುವಷ್ಟು ಬರೆದಿದ್ದ ಅಂತ ಇದೆ. ಉಳಿದದ್ದು ಸರಿಸುಮಾರು ಮೂರು ವರ್ಷಕ್ಕೆ ಆಗುವಷ್ಟು. ಮಿಕ್ಕಿದ್ದು ಏನಾಯಿತು?

1750ರ ಜುಲೈ 28ರಂದು ಬಾಖ್ ಸತ್ತ. ಹಾಳೆಗಳ ಪಾಲು ಆಯಿತು. ಹೊಲ ಪಾಲಾದ ಹಾಗೆ ಅಂತಲೇ ಹೇಳಬಹುದು. ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂದಷ್ಟು, ಎರಡನೆಯ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್‌ಗೆ ಒಂದಷ್ಟು, ಹೆಂಡತಿಗೆ ಒಂದಷ್ಟು. ಒಂದು ವರ್ಷದ ಕ್ಯಾಂಟಾಟಾಗಳ ಸ್ಕೋರ್ ಒಬ್ಬರಿಗೆ, ಅವುಗಳ ಪಾರ್ಟ್ ಇನ್ನೊಬ್ಬರಿಗೆ ಹೋದದ್ದೂ ಉಂಟು. ಫ್ರೀಡೆಮಾನ್‌ಗೆ ಮುಂದೆ ಬಡತನ ಬಂತು. ಅಪ್ಪನ ಹಾಳೆಗಳನ್ನು ಮಾರಿಕೊಂಡ. ಅವನ ಪಾಲಿನಲ್ಲಿದ್ದ ಎಷ್ಟೋ ಚೆದುರಿಹೋದವು. ಅನ್ನಾ ಮಗ್ದಲೇನಾ ತನ್ನ ಪಾಲಿಗೆ ಬಂದ 44 ಕ್ಯಾಂಟಾಟಾಗಳ ಪಾರ್ಟ್‌ಗಳನ್ನು ಸಂತ ತೋಮಸ್ ಶಾಲೆಗೆ ಕೊಟ್ಟಳು. ಅವಳು ಕೊನೆಗಾಲದಲ್ಲಿ ದಾನದ ದುಡ್ಡಿನಲ್ಲಿ ಬದುಕಿ 1760ರಲ್ಲಿ ಸತ್ತಳು. ಅವಳು ಕೊಟ್ಟ ಆ ಕಟ್ಟುಗಳು ಮಾತ್ರ ಲೈಪ್‌ಝಿಗ್ ಬಿಟ್ಟು ಹೋಗಲಿಲ್ಲ. ಈಗ ಬಾಖ್ ಆರ್ಕೈವ್‌ನಲ್ಲಿವೆ. ಸ್ಕೋರ್ ಕಳೆದುಹೋಗಿದ್ದರೂ ಪಾರ್ಟ್‌ಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಕೃತಿ ಮತ್ತೆ ಸಿಗುತ್ತದೆ. ಭೀಮ, ದುರ್ಯೋಧನ, ದ್ರೌಪದಿಯ ಹಾಳೆಗಳನ್ನು ಸೇರಿಸಿ ನಾಟಕ ವಾಪಸ್ ಕಟ್ಟಿದ ಹಾಗೆ.

ಎಮಾನುಯೆಲ್ ಜೋಪಾನದ ಮನುಷ್ಯ. ಮತ್ತಾಯನ ಪ್ಯಾಷನ್, ಬಿ ಮೈನರ್ ಮಾಸ್ ಅನ್ನುವ ಚರ್ಚಿನ ಆರಾಧನೆಯ ದೊಡ್ಡ ಕೃತಿ, ಎರಡೂ ಅವನ ಕೈಯಲ್ಲಿದ್ದವು. ಅವನು 1788ರಲ್ಲಿ ಸತ್ತ. 1790ರಲ್ಲಿ ಅವನ ಸಂಗ್ರಹದ ಪಟ್ಟಿ ಅಚ್ಚಾಯಿತು. ಮುಂದೆ ಅವು ಒಂದೊಂದಾಗಿ ಮಾರಾಟವಾದವು. ಗೇಯೋರ್ಗ್ ಪೋಲ್ಖಾವ್ ಅನ್ನುವ ಸಂಗ್ರಾಹಕ ಎಷ್ಟೋ ಹಸ್ತಪ್ರತಿಗಳನ್ನು ಹುಡುಕಿ ಹುಡುಕಿ ಕೊಂಡ. ಅವನ ಸಂಗ್ರಹ 1841ರಲ್ಲಿ ಬರ್ಲಿನ್‌ನ ರಾಜ ಗ್ರಂಥಾಲಯಕ್ಕೆ, ಅಂದರೆ ಈಗಿನ ಸರ್ಕಾರಿ ಗ್ರಂಥಾಲಯಕ್ಕೆ, ಬಂತು. ಬರ್ಲಿನ್‌ನಲ್ಲೇ ಝಿಂಗ್ ಅಕಾಡೆಮಿ ಅಂತ 1791ರಲ್ಲಿ ಶುರುವಾದ ಗಾಯನ ಸಂಘ ಇತ್ತು. ಅಲ್ಲೇ 1829ರ ಮಾರ್ಚ್ 11ರಂದು, ಇಪ್ಪತ್ತು ವಯಸ್ಸಿನ ಫೆಲಿಕ್ಸ್ ಮೆಂಡೆಲ್ಸನ್ ಮತ್ತಾಯನ ಪ್ಯಾಷನ್ ನಡೆಸಿದ. ಬಾಖ್ ಸತ್ತ ಮೇಲೆ ಜನ ಹೆಚ್ಚುಕಡಿಮೆ ಮರೆತಿದ್ದ ಕೃತಿ ಅದು. ಆ ಸಂಘವೂ 1854ರಲ್ಲಿ ತನ್ನಲ್ಲಿದ್ದ ಬಾಖ್ ಹಾಳೆಗಳನ್ನು ಇದೇ ಗ್ರಂಥಾಲಯಕ್ಕೆ ಮಾರಿತು. ಬಿ ಮೈನರ್ ಮಾಸ್ ಮಾತ್ರ 1805ರಲ್ಲಿ ನೇಗೆಲಿ ಅನ್ನುವ ಸ್ವಿಟ್ಜರ್ಲೆಂಡಿನ ಪ್ರಕಾಶಕನ ಪಾಲಾಗಿ, ತಿರುಗಿ ಬರ್ಲಿನ್‌ಗೆ ಬಂದದ್ದು 1861ರಲ್ಲಿ.

ಹಾಳೆ ಸೇರಿದ್ದಾಯಿತು. ಅದನ್ನು ಓದುವುದು ಹೇಗೆ? ನನಗೆ ಅತಿ ಇಷ್ಟವಾದ ಕಥೆ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾಖ್ ಕ್ಯಾಂಟಾಟಾಗಳ ಮೇಲೆ ಸಾಮಾನ್ಯವಾಗಿ ತಾರೀಕು ಬರೆಯುತ್ತಿರಲಿಲ್ಲ. ಮೊದಲ ಸಾಲಿನ ಮೇಲೆ ಜೆ.ಜೆ. ಅಂತ ಬರೆಯುತ್ತಿದ್ದ. ಯೇಸುವೇ ನೆರವಾಗು ಅಂತ ಅದರ ಅರ್ಥ, ನಾವು ಶ್ರೀ ಹಾಕಿದಂತೆ. ಕೊನೆಗೆ ಎಸ್.ಡಿ.ಜಿ., ಅಂದರೆ ಮಹಿಮೆಯೆಲ್ಲ ದೇವರದೇ. ವರ್ಷ ಮಾತ್ರ ಇರುತ್ತಿರಲಿಲ್ಲ. ಹಾಗಾದರೆ ಯಾವ ಕೃತಿ ಯಾವಾಗಿನದು? ಫಿಲಿಪ್ ಷ್ಪಿಟ್ಟಾ 1873 ಮತ್ತು 1880ರಲ್ಲಿ ಎರಡು ಸಂಪುಟಗಳಲ್ಲಿ ಬಾಖ್‌ನ ಜೀವನ ಚರಿತ್ರೆ ತಂದರು. ಬಾಖ್ ಲೈಪ್‌ಝಿಗ್‌ನಲ್ಲಿ 1740ರ ದಶಕದವರೆಗೂ ಕ್ಯಾಂಟಾಟಾ ಬರೆಯುತ್ತಲೇ ಇದ್ದ ಅನ್ನುವ ಚಿತ್ರ ಅದರಿಂದ ಮೂಡಿತು. ಎಲ್ಲರೂ ಅದನ್ನೇ ನಂಬಿದ್ದರು.

1950ರ ದಶಕದಲ್ಲಿ ಆಲ್ಫ್ರೆಡ್ ಡ್ಯೂರ್ ಮತ್ತು ಗೇಯೋರ್ಗ್ ಫಾನ್ ದಾಡೆಲ್‌ಸೆನ್ ಅನ್ನುವ ಇಬ್ಬರು ವಿದ್ವಾಂಸರು ಹಾಳೆಗಳನ್ನು ಮತ್ತೆ ಒಂದೊಂದಾಗಿ ನೋಡತೊಡಗಿದರು. ಸ್ವರವನ್ನಲ್ಲ, ಕಾಗದವನ್ನು. ನೂರು ರೂಪಾಯಿ ನೋಟನ್ನು ಬೆಳಕಿಗೆ ಹಿಡಿದರೆ ಗಾಂಧೀಜಿ ಮುಖ ಕಾಣುತ್ತಲ್ವಾ, ಹಾಗೆ ಆ ಕಾಲದ ಕಾಗದದಲ್ಲೂ ವಾಟರ್‌ಮಾರ್ಕ್ ಇರುತ್ತಿತ್ತು. ಆಗ ಕಾಗದ ಮಾಡುತ್ತಿದ್ದದ್ದು ಹಳೆಯ ಚಿಂದಿ ಬಟ್ಟೆಯಿಂದ. ಅದನ್ನು ನೀರಲ್ಲಿ ಕೊಳೆಸಿ, ಕುಟ್ಟಿ, ಆ ಗಂಜಿಯನ್ನು ತಂತಿಯ ಜರಡಿಯಲ್ಲಿ ಎತ್ತುತ್ತಿದ್ದರು. ಜರಡಿಗೆ ತಂತಿಯಲ್ಲೇ ಒಂದು ಚಿತ್ರ ಹೊಲಿದಿರುತ್ತಿತ್ತು, ಆ ಕಾರ್ಖಾನೆಯ ಗುರುತು. ಚಿತ್ರ ಇದ್ದ ಕಡೆ ಗಂಜಿ ತೆಳ್ಳಗೆ ಕೂರುತ್ತದೆ, ಬೆಳಕಿಗೆ ಹಿಡಿದಾಗ ಕಾಣುತ್ತದೆ. ಜರಡಿ ದಿನಾ ನೀರಲ್ಲಿ ಮುಳುಗಿ ಎದ್ದು ಬೇಗ ಸವೆಯುತ್ತಿತ್ತು. ಹೊಸ ಜರಡಿ ಬಂದರೆ ಗುರುತೂ ಕೊಂಚ ಬದಲಾಗುತ್ತಿತ್ತು. ಹಾಗಾಗಿ ಒಂದೇ ಗುರುತಿನ ಕಾಗದ ಅಂದರೆ ಹೆಚ್ಚುಕಡಿಮೆ ಒಂದೇ ಕಾಲದ ಕಾಗದ. ಅದೇ ಗುರುತಿನ ಒಂದು ಹಾಳೆಯ ಮೇಲೆ ತಾರೀಕು ಸಿಕ್ಕರೆ ಸಾಕು, ತಾರೀಕಿಲ್ಲದ ಅದರ ಅಕ್ಕಪಕ್ಕದ ಹಾಳೆಗಳಿಗೂ ವಯಸ್ಸು ಸಿಕ್ಕ ಹಾಗೆ.

ಷ್ಪಿಟ್ಟಾ ಕೂಡ ವಾಟರ್‌ಮಾರ್ಕ್ ನೋಡಿದ್ದರು. ಇವರಿಬ್ಬರು ಅದರ ಜೊತೆ ನಕಲು ಮಾಡಿದವರ ಕೈಬರಹವನ್ನೂ ಬಿಡದೆ ಹಿಡಿದರು. ಶಾಲೆಗೆ ಹುಡುಗ ಬರುತ್ತಾನೆ, ಕೆಲವು ವರ್ಷಕ್ಕೆ ಹೊರಟುಹೋಗುತ್ತಾನೆ. ಬರೆದ ಬರೆದ ಹಾಗೆ ಅವನ ಅಕ್ಷರ ಬಲಿಯುತ್ತದೆ. ಸಾಲಿನ ಶುರುವಲ್ಲಿ ಹಾಕುವ ಸುರುಳಿ ಗುರುತು ಮೊದಲ ವರ್ಷ ಒಂದು ರೀತಿ, ಮಾರನೆಯ ವರ್ಷ ಇನ್ನೊಂದು ರೀತಿ. ಹೆಸರು ಗೊತ್ತಿಲ್ಲದಾಗ ಒಬ್ಬನನ್ನು ಮುಖ್ಯ ನಕಲುಗಾರ ಎ ಅಂತಲೇ ಕರೆಯುತ್ತಿದ್ದರು. ಅವನು ಯೋಹಾನ್ ಆಂದ್ರೆಯಾಸ್ ಕುನಾವ್ ಅಂತ ಆಮೇಲೆ ತಿಳಿಯಿತು. ಬಾಖ್‌ಗಿಂತ ಮುಂಚೆ ಅದೇ ಕೆಲಸದಲ್ಲಿದ್ದ ಮೇಷ್ಟ್ರ ಸಂಬಂಧಿಕ ಹುಡುಗ. ಇವನ ಕೈಬರಹ ಇರುವ ಹಾಳೆ ಅಂದರೆ ಇವನು ಶಾಲೆಯಲ್ಲಿದ್ದಾಗಿನದು.

ಎಲ್ಲ ಜೋಡಿಸಿ ನೋಡಿದಾಗ ಹಳೆಯ ಚಿತ್ರವೇ ತಲೆಕೆಳಗಾಯಿತು. ಕ್ಯಾಂಟಾಟಾಗಳಲ್ಲಿ ಬಹುಪಾಲು ಬಾಖ್ ಲೈಪ್‌ಝಿಗ್‌ಗೆ ಬಂದ ಮೊದಲ ನಾಲ್ಕೈದು ವರ್ಷಗಳಲ್ಲೇ ಬರೆದವು. ಷ್ಪಿಟ್ಟಾ ಮುದಿತನಕ್ಕೆ ಹತ್ತಿರದ್ದು ಅಂದುಕೊಂಡಿದ್ದ ಕೋರಾಲ್ ಕ್ಯಾಂಟಾಟಾಗಳ, ಅಂದರೆ ಚರ್ಚಿನಲ್ಲಿ ಎಲ್ಲರೂ ಹಾಡುವ ಭಜನೆಗಳನ್ನು ಆಧರಿಸಿದ ಕ್ಯಾಂಟಾಟಾಗಳ, ದೊಡ್ಡ ಗುಂಪು 1724-25ರದು. ಎಂಥ ಬಿರುಸಿನ ಕೆಲಸ ಅದು! ಮುಂದಿನ ವರ್ಷಗಳಲ್ಲಿ ಅವನು ಕಾಫಿ ಹೌಸ್‌ನ ಸಂಗೀತ ಕೂಟ ನಡೆಸಿದ, ಕೀಬೋರ್ಡ್ ಕೃತಿ ಅಚ್ಚು ಹಾಕಿಸಿದ, ಹಳೆಯದನ್ನು ತಿದ್ದಿ ಬೇರೆ ರೂಪ ಕೊಟ್ಟ. ಜೀವನವಿಡೀ ಚರ್ಚಿಗಾಗಿ ಒಂದೇ ಸಮನೆ ಬರೆದ ಮನುಷ್ಯ ಅನ್ನುವ ಕಲ್ಪನೆ ಹೋಯಿತು. ಅಚ್ಚಾದ ಪುಸ್ತಕ ಎಷ್ಟು ಸಲ ಓದಿದರೂ ಇದು ಗೊತ್ತಾಗುತ್ತಿರಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಬೇಕಾಯಿತು.

ಬಿ ಮೈನರ್ ಮಾಸ್‌ನ ಹಸ್ತಪ್ರತಿ, ಅಂದರೆ ಪಿ 180, ಇನ್ನೂ ಕಷ್ಟದ ಕಗ್ಗಂಟು. ಬಾಖ್ ಕೊನೆಯ ವರ್ಷಗಳಲ್ಲಿ ಪೂರ್ತಿ ಮಾಡಿದ ಕೃತಿ. ಅವನು ಸತ್ತ ಮೇಲೆ ಮಗ ಎಮಾನುಯೆಲ್ ಇದರ ಒಂದು ಭಾಗವನ್ನು 1786ರಲ್ಲಿ ಹಾಂಬುರ್ಗ್‌ನಲ್ಲಿ ನುಡಿಸಿದ. ಅದಕ್ಕಾಗಿ ಅಪ್ಪನ ಹಾಳೆಯ ಮೇಲೆಯೇ ತಿದ್ದಿದ, ಮಾಸಿದ ಕಡೆ ಮೇಲೆ ಬರೆದ. ಅಪ್ಪನ ಸ್ವರ ಯಾವುದು, ಮಗನ ಸ್ವರ ಯಾವುದು? ಕಣ್ಣಿಗೆ ಎರಡೂ ಕಂದು. ಆಗ ಮಾಚಿಕಾಯಿ ಶಾಯಿಯೇ ನೆರವಿಗೆ ಬಂತು. ಅನ್ನಭೇದಿ ಯಾವತ್ತೂ ಶುದ್ಧ ಇರುವುದಿಲ್ಲ. ಅದರಲ್ಲಿ ತಾಮ್ರ, ಸತು, ಮ್ಯಾಂಗನೀಸ್ ಬೆರೆತಿರುತ್ತವೆ. ಒಂದು ಊರಿನದರಲ್ಲಿ ಒಂದು ಪ್ರಮಾಣ, ಇನ್ನೊಂದು ಊರಿನದರಲ್ಲಿ ಇನ್ನೊಂದು. ಹಾಳೆಗೆ ಏನೂ ಆಗದ ಹಾಗೆ ಸಣ್ಣ ಎಕ್ಸ್‌ರೇ ಕಿರಣ ಬಿಟ್ಟರೆ, ಯಾವ ಲೋಹ ಎಷ್ಟಿದೆ ಅಂತ ಅಳೆಯಬಹುದು. ಅಳೆದರು. ಲೈಪ್‌ಝಿಗ್‌ನ ಅಪ್ಪನ ಶಾಯಿ ಬೇರೆ, ಹಾಂಬುರ್ಗ್‌ನ ಮಗನ ಶಾಯಿ ಬೇರೆ ಅಂತ ಒಂದೊಂದು ಚುಕ್ಕಿಯಲ್ಲೂ ಬಿಡಿಸಿ ನೋಡುವುದು ಸಾಧ್ಯವಾಯಿತು. ಅದರ ಆಧಾರದ ಮೇಲೆ ಕೆಲವು ಕಡೆ ಅಪ್ಪ ಮೊದಲು ಬರೆದದ್ದನ್ನು ಮತ್ತೆ ಓದಲು ಆಯಿತು.

ಕೆಲವೊಮ್ಮೆ ಮೂಲವೇ ಇಲ್ಲ. ಚೆಲ್ಲೋ ಅನ್ನುವ, ವಯೊಲಿನ್ ಜಾತಿಯ ದೊಡ್ಡ ವಾದ್ಯಕ್ಕೆ ಬಾಖ್ ಬರೆದ ಆರು ಸೂಟ್‌ಗಳು, ಅಂದರೆ ಕುಣಿತದ ಲಯದ ಕೃತಿಗಳ ಮಾಲೆಗಳು, ಇವತ್ತು ಚೆಲ್ಲೋ ಕಲಿಯುವ ಪ್ರತಿಯೊಬ್ಬರಿಗೂ ಬೇಕೇ ಬೇಕು. ಆದರೆ ಬಾಖ್ ಕೈಯಲ್ಲಿ ಬರೆದ ಪ್ರತಿ ಕಳೆದುಹೋಗಿದೆ. ಉಳಿದಿರುವುದು ನಕಲುಗಳು. ಅನ್ನಾ ಮಗ್ದಲೇನಾ ಮಾಡಿದ ನಕಲು, ಪಿ 269, ಬರ್ಲಿನ್‌ನಲ್ಲಿದೆ. ಯೋಹಾನ್ ಪೀಟರ್ ಕೆಲ್ನರ್ ಮಾಡಿದ್ದು ಇನ್ನೊಂದು. ಯಾರೆಂದು ತಿಳಿಯದವರು ಮಾಡಿದ್ದು ಇನ್ನೆರಡು. ನಾಲ್ಕರಲ್ಲೂ ಸ್ವರ ಬಹುಪಾಲು ಒಂದೇ. ಎಷ್ಟು ಸ್ವರವನ್ನು ಒಂದೇ ಬಿಲ್ಲೆಳೆತದಲ್ಲಿ ನುಡಿಸಬೇಕು ಅಂತ ತೋರಿಸುವ ಕಮಾನು ಗೆರೆಗಳು ಮಾತ್ರ ನಾಲ್ಕರಲ್ಲಿ ನಾಲ್ಕು ರೀತಿ. ಅನ್ನಾ ಮಗ್ದಲೇನಾಳ ಕೈ ಅವಸರದಲ್ಲಿ ಗೆರೆಯನ್ನು ಸ್ವಲ್ಪ ಆಚೀಚೆ ಎಳೆದಿದೆ. ಅದು ಎರಡು ಸ್ವರಕ್ಕೋ ಮೂರಕ್ಕೋ ಅಂತ ಇವತ್ತಿಗೂ ವಾದ ನಡೆಯುತ್ತದೆ. ಬೇರೆ ಬೇರೆ ಕಲಾವಿದರ ಕೈಯಲ್ಲಿ ಅದೇ ಸೂಟ್ ಬೇರೆಯಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಹಾಳೆಗಳು ಯುದ್ಧವನ್ನೂ ದಾಟಿ ಬಂದಿವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ ಮೇಲೆ ಬಾಂಬ್ ಬೀಳತೊಡಗಿದಾಗ ಗ್ರಂಥಾಲಯದ ಸಂಗ್ರಹವನ್ನು ಸುಮಾರು 30 ಕಡೆ ಸಾಗಿಸಿ ಬಚ್ಚಿಟ್ಟರು. ಕೋಟೆ, ಮಠ, ಗಣಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಒಂದು ಭಾಗ ಸೈಲೀಷಿಯಾದ ಗ್ರೂಸ್ಸಾವ್ ಮಠಕ್ಕೆ ಹೋಯಿತು. ಯುದ್ಧ ಮುಗಿದಾಗ ಆ ಊರು ಪೋಲೆಂಡಿಗೆ ಸೇರಿತು. ಪೆಟ್ಟಿಗೆಗಳು ಕ್ರಾಕೋವ್‌ನ ಯಾಗೆಲ್ಲೋನಿಯನ್ ಗ್ರಂಥಾಲಯಕ್ಕೆ ಹೋದವು. ಮೂವತ್ತು ವರ್ಷ ಹೊರಗಿನ ಲೋಕಕ್ಕೆ ಅವು ಇದ್ದಂತೆಯೇ ಇರಲಿಲ್ಲ. 1977ರಲ್ಲಿ ಪೋಲೆಂಡ್ ಸರ್ಕಾರ ಅದರಲ್ಲಿ ಕೆಲವನ್ನು ಪೂರ್ವ ಜರ್ಮನಿಗೆ ಕೊಟ್ಟಿತು. ಮೊಝಾರ್ಟ್‌ನ ಮ್ಯಾಜಿಕ್ ಫ್ಲೂಟ್ ಅದರಲ್ಲಿತ್ತು. ಬೇಥೋವನ್‌ನ ಒಂಬತ್ತನೆಯ ಸಿಂಫನಿಯ ಒಂದು ಭಾಗವೂ ಇತ್ತು. ಮಿಕ್ಕ ದೊಡ್ಡ ಸಂಗ್ರಹ ಈಗಲೂ ಕ್ರಾಕೋವ್‌ನಲ್ಲಿದೆ, ವಿದ್ವಾಂಸರಿಗೆ ತೆರೆದಿದೆ.

ಆ 1977ರಲ್ಲಿ ವಾಪಸ್ ಬಂದದ್ದರಲ್ಲಿ ಬಾಖ್‌ನದೂ ಒಂದು ಹಸ್ತಪ್ರತಿ ಇತ್ತು. ಎರಡು ಹಾರ್ಪ್ಸಿಕಾರ್ಡ್‌ಗಳಿಗೆ, ಅಂದರೆ ಪಿಯಾನೋಗಿಂತ ಹಳೆಯ ಕೀಬೋರ್ಡ್ ವಾದ್ಯಗಳಿಗೆ, ಉಳಿದ ವಾದ್ಯಗಳ ಜೊತೆ ನುಡಿಸಲು ಬರೆದ ಕಾನ್ಚೆರ್ಟೋ ಅದು. ಪುಟದ ಕೆಳಗೆ ಮೂರು ಸಾಲು ಖಾಲಿ ಉಳಿದಿದ್ದವು. ಕಾಗದ ದುಬಾರಿ. ಖಾಲಿ ಬಿಡುವುದೇಕೆ ಅಂತ ಬಾಖ್ ಆ ಸಾಲುಗಳಲ್ಲಿ ಇನ್ನೊಂದು ಕೃತಿ ಬರೆದುಕೊಂಡು ಹೋದ. ಕೊಳಲಿನ ಸೊನಾಟಾ, ಅಂದರೆ ಒಂದೆರಡು ವಾದ್ಯಗಳಷ್ಟೇ ನುಡಿಸುವ ಕೃತಿ, ಎ ಮೇಜರ್‌ನಲ್ಲಿ. ಒಂದೇ ಹಾಳೆ, ಮೇಲೆ ಒಂದು ಕೃತಿ, ಕೆಳಗೆ ಇನ್ನೊಂದು. ಮುಂದೆ ಯಾವಾಗಲೋ ಯಾರೋ ಕೆಲವು ಹಾಳೆಗಳ ಕೆಳಭಾಗವನ್ನು ಕತ್ತರಿಸಿಕೊಂಡು ಹೋದರು. ಸೊನಾಟಾದ ಮೊದಲ ಭಾಗದಲ್ಲಿ ಸುಮಾರು 46 ಬಾರ್‌ಗಳು, ನಮ್ಮ ಲೆಕ್ಕದಲ್ಲಿ 46 ಆವರ್ತ ಅನ್ನಿ, ಹಾಗೆಯೇ ಮಾಯವಾದವು. ಕಾನ್ಚೆರ್ಟೋ ಪೂರ್ತಿ ಇದೆ. ಸೊನಾಟಾ ನುಡಿಸುವವರು ಆ ಗುಂಡಿಯನ್ನು ತಮಗೆ ತೋಚಿದಂತೆ ತುಂಬಿಸಿಕೊಳ್ಳುತ್ತಾರೆ.

ಝಿಂಗ್ ಅಕಾಡೆಮಿಯ ಸಂಗ್ರಹದ ಕಥೆ ಇನ್ನೂ ದೊಡ್ಡದು. 1943ರಲ್ಲಿ ಅದನ್ನೂ ಸೈಲೀಷಿಯಾದ ಒಂದು ಕೋಟೆಗೆ ಸಾಗಿಸಿದ್ದರು. ಸೋವಿಯತ್ ಸೇನೆ ಬಂತು, ಸಂಗ್ರಹ ಕಾಣೆಯಾಯಿತು. ಐವತ್ತು ವರ್ಷ ಅದು ಸುಟ್ಟುಹೋಗಿದೆ ಅಂತಲೇ ಬಹಳ ಜನ ನಂಬಿದ್ದರು. 1999ರಲ್ಲಿ ವಿದ್ವಾಂಸ ಕ್ರಿಸ್ಟೋಫ್ ವೋಲ್ಫ್ ಮತ್ತು ಅವರ ಜೊತೆಗಾರರು ಉಕ್ರೇನಿನ ಕೀವ್‌ನ ಸರ್ಕಾರಿ ಆರ್ಕೈವ್‌ನಲ್ಲಿ ಅದನ್ನು ಪತ್ತೆ ಮಾಡಿದರು. ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿ ಮತ್ತು ಮುದ್ರಿತ ಪ್ರತಿಗಳು. ಎಮಾನುಯೆಲ್ ಹಾಂಬುರ್ಗ್‌ನಲ್ಲಿ ಬರೆದ ಪ್ಯಾಷನ್‌ಗಳು, ಜೊತೆಗೆ ಬಾಖ್ ತಾನೇ ಕೂಡಿಟ್ಟಿದ್ದ, ತನ್ನ ಹಿರಿಯರು ಬರೆದ ಹಾಡುಗಳ ಕಟ್ಟು. ತನ್ನ ಮನೆತನದ ಸಂಗೀತ ಕಳೆಯಬಾರದು ಅಂತ ಬಾಖ್ ಕೂಡ ಮನೆಯಲ್ಲೊಂದು ಆರ್ಕೈವ್ ಇಟ್ಟುಕೊಂಡಿದ್ದ ನೋಡಿ. ಉಕ್ರೇನ್ ಸರ್ಕಾರ ಎಲ್ಲವನ್ನೂ 2001ರಲ್ಲಿ ವಾಪಸ್ ಕೊಟ್ಟಿತು. ಈಗ ಅವು ಬರ್ಲಿನ್ ಗ್ರಂಥಾಲಯದಲ್ಲೇ ಇವೆ.

ಬಾಂಬಿನಿಂದ ಉಳಿದ ಹಾಳೆಯನ್ನು ಶಾಯಿಯಿಂದ ಉಳಿಸಬೇಕಲ್ಲ. ಅದಕ್ಕೆ ಮಾಡಿದ ಒಂದು ಉಪಾಯ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಾಳೆಯನ್ನು ದಪ್ಪದಲ್ಲಿ ಸೀಳುತ್ತಾರೆ! ಹಾಳೆಯ ಎರಡೂ ಮುಖಕ್ಕೆ ಜೆಲಾಟಿನ್ ಅಂಟಿನಿಂದ ಬೇರೆ ಕಾಗದ ಅಂಟಿಸುತ್ತಾರೆ. ಆಮೇಲೆ ಎರಡೂ ಕಡೆಯಿಂದ ನಿಧಾನಕ್ಕೆ ಎಳೆಯುತ್ತಾರೆ. ಒಂದು ಹಾಳೆ ಎರಡು ಪೊರೆಯಾಗಿ ಬಿಚ್ಚಿಕೊಳ್ಳುತ್ತದೆ, ಮುಂದಿನ ಪುಟ ಒಂದು ಕಡೆ, ಹಿಂದಿನ ಪುಟ ಇನ್ನೊಂದು ಕಡೆ. ನಡುವೆ ತೆಳ್ಳಗಿನ, ಗಟ್ಟಿಯಾದ ಹೊಸ ಕಾಗದ ಇಟ್ಟು ಎರಡನ್ನೂ ಮತ್ತೆ ಕೂಡಿಸುತ್ತಾರೆ. ಕೊನೆಗೆ ಹೊರಗಿನ ಜೆಲಾಟಿನ್ ಕರಗಿಸಿ ತೆಗೆಯುತ್ತಾರೆ. ತೂತಾದ ಸ್ವರಗಳಿಗೆ ಬೆನ್ನುಮೂಳೆ ಸಿಕ್ಕ ಹಾಗೆ. ಬಾಖ್‌ನ ಎಷ್ಟೋ ಹಾಳೆಗಳಿಗೆ 2000ದ ನಂತರ ಲೈಪ್‌ಝಿಗ್‌ನಲ್ಲಿ ಈ ಚಿಕಿತ್ಸೆ ಆಯಿತು. ಇದು ಅತಿಯಾಯಿತು, ಮೂಲ ಹಾಳೆಯನ್ನು ಸೀಳುವುದು ಸರಿಯಲ್ಲ ಅನ್ನುವವರೂ ಇದ್ದಾರೆ. ಹಾಗಾಗಿ ಎಲ್ಲದಕ್ಕೂ ಇದನ್ನು ಮಾಡುವುದಿಲ್ಲ. ಹೆಚ್ಚು ನಾಜೂಕಾದವಕ್ಕೆ ಕೈಯಿಂದಲೇ ಜಪಾನೀ ಕಾಗದದ ತೆಳು ತುಂಡು ಅಂಟಿಸುತ್ತಾರೆ.

ಇಷ್ಟೆಲ್ಲ ಊರುಗಳಲ್ಲಿ ಚೆದುರಿರುವ ಹಾಳೆಗಳನ್ನು ಹುಡುಕುವುದು ಹೇಗೆ? ಅದಕ್ಕೆ ಎರಡು ದೊಡ್ಡ ಪಟ್ಟಿಗಳಿವೆ. 1950ರಲ್ಲಿ ವೋಲ್ಫ್‌ಗಾಂಗ್ ಷ್ಮೀಡರ್ ಬಾಖ್‌ನ ಕೃತಿಗಳಿಗೆಲ್ಲ ನಂಬರ್ ಹಾಕಿದರು. ಬಿಡಬ್ಲ್ಯುವಿ 232 ಅಂದರೆ ಬಿ ಮೈನರ್ ಮಾಸ್. ಈ ನಂಬರ್ ಕಾಲದ ಪ್ರಕಾರ ಇಲ್ಲ, ಬಗೆಯ ಪ್ರಕಾರ ಇದೆ. ಕ್ಯಾಂಟಾಟಾಗಳು ಮೊದಲು, ವಾದ್ಯದ ಕೃತಿಗಳು ಆಮೇಲೆ. ಇನ್ನೊಂದು, 1952ರಲ್ಲಿ ಶುರುವಾದ ರಿಸ್ಮ್ ಅನ್ನುವ ಅಂತರರಾಷ್ಟ್ರೀಯ ಪಟ್ಟಿ. ಯಾವ ದೇಶದ ಯಾವ ಗ್ರಂಥಾಲಯದಲ್ಲಿ ಯಾವ ಹಳೆಯ ಸ್ಕೋರ್ ಇದೆ ಅಂತ ಅದರಲ್ಲಿದೆ, ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆ. ಅದರಲ್ಲೊಂದು ಜಾಣತನ ನನಗೆ ಬಹಳ ಹಿಡಿಸಿತು. ಹಳೆಯ ಹಾಳೆಗಳಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ, ಇದ್ದರೂ ತಪ್ಪಿರುತ್ತದೆ. ಹಾಗಾಗಿ ಕೃತಿಯ ಮೊದಲ ಕೆಲವು ಸ್ವರಗಳನ್ನೇ ದಾಖಲಿಸುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಸ್ವರ ಒತ್ತಿ ಹುಡುಕಬಹುದು. ಕೀರ್ತನೆಯ ಎತ್ತುಗಡೆ ಗುನುಗಿ, ಇದು ಯಾವುದು ಹೇಳಿ ಅಂತ ಕೇಳಿದ ಹಾಗೆ.

ಪಟ್ಟಿ ಇದ್ದರೂ ಹಾಳೆಗಳು ಇನ್ನೂ ಬಾಯಿ ಬಿಡುತ್ತಲೇ ಇವೆ. 2004ರ ಸೆಪ್ಟೆಂಬರ್ 2ರ ರಾತ್ರಿ ಜರ್ಮನಿಯ ವೈಮಾರ್ ಊರಿನ ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 50,000 ಪುಸ್ತಕಗಳು ಬೂದಿಯಾದವು. ಹುಟ್ಟುಹಬ್ಬದ ಪದ್ಯಗಳಿದ್ದ ಒಂದು ಪೆಟ್ಟಿಗೆಯನ್ನು ಅದಕ್ಕೂ ಮುಂಚೆ ರಿಪೇರಿಗೆ ಅಂತ ಬೇರೆ ಕಡೆ ಸಾಗಿಸಿದ್ದರು. ಮಾರನೆಯ ವರ್ಷ ಮೇ ತಿಂಗಳಲ್ಲಿ ಬಾಖ್ ಆರ್ಕೈವ್‌ನ ಮಿಖಾಯೆಲ್ ಮೌಲ್ ಅದನ್ನು ತೆರೆದು ನೋಡುತ್ತಿದ್ದರು. 1713ರಲ್ಲಿ ಅಲ್ಲಿನ ದೊರೆಯ ಹುಟ್ಟುಹಬ್ಬಕ್ಕೆ ಅಚ್ಚಾಗಿದ್ದ ಒಂದು ಪದ್ಯದ ಕೊನೆಯ ಎರಡು ಪುಟಗಳಲ್ಲಿ ಕೈಬರಹದ ಸ್ವರಗಳಿದ್ದವು. ಬಾಖ್‌ನ ಕೈ. ಆವರೆಗೆ ಯಾರಿಗೂ ಗೊತ್ತಿಲ್ಲದ ಹಾಡು. ಈಗ ಅದು ಬಿಡಬ್ಲ್ಯುವಿ 1127.

2025ರ ನವೆಂಬರ್‌ನಲ್ಲಿ ಇನ್ನೆರಡು ಸೇರಿದವು. ಬ್ರಸೆಲ್ಸ್‌ನ ರಾಯಲ್ ಗ್ರಂಥಾಲಯದಲ್ಲಿ ಬರೆದವರ ಹೆಸರಿಲ್ಲದ ಎರಡು ಆರ್ಗನ್ ಕೃತಿಗಳನ್ನು ವಿದ್ವಾಂಸ ಪೀಟರ್ ವೋಲ್ನಿ 1992ರಲ್ಲೇ ನೋಡಿದ್ದರು. ಬಾಖ್‌ನದಿರಬಹುದು ಅನ್ನಿಸಿತ್ತು. ಆದರೆ ನಕಲು ಮಾಡಿದವನು ಯಾರು ಅಂತ ತಿಳಿಯದೆ ಹೇಳುವ ಹಾಗಿರಲಿಲ್ಲ. ಮೂವತ್ತು ವರ್ಷ ಹಿಡಿಯಿತು. ಕೈಬರಹ ಹೋಲಿಸಿ ಹೋಲಿಸಿ ಕೊನೆಗೆ ಸಾಲೊಮೋನ್ ಗ್ಯುಂಟರ್ ಯೋನ್ ಅನ್ನುವ ಬಾಖ್‌ನ ಶಿಷ್ಯ ಅಂತ ಗೊತ್ತಾಯಿತು. ಬಾಖ್ ಆರ್ನ್‌ಸ್ಟಾಟ್ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದ ಹರೆಯದ ಕೃತಿಗಳು ಅವು.

ಇದೆಲ್ಲ ನೋಡಲು ಬರ್ಲಿನ್‌ಗೆ ಹೋಗಬೇಕಿಲ್ಲ. ಬಾಖ್ ಡಿಜಿಟಲ್ ಅನ್ನುವ ತಾಣದಲ್ಲಿ ಈ ಹಸ್ತಪ್ರತಿಗಳ ಸ್ಪಷ್ಟ ಚಿತ್ರಗಳು ದುಡ್ಡಿಲ್ಲದೆ ಸಿಗುತ್ತವೆ. ಸ್ವರ ಓದಲು ಬರದಿದ್ದರೂ ಪರವಾಗಿಲ್ಲ. ಒಂದು ಕ್ಯಾಂಟಾಟಾದ ಕರಡು ಸ್ಕೋರ್ ತೆರೆದು ದೊಡ್ಡದು ಮಾಡಿ ನೋಡಿ. ಐದು ಮೂತಿಯ ಲೇಖನಿಯಿಂದ ಒಂದೇ ಎಳೆತದಲ್ಲಿ ಎಳೆದ ಐದು ಗೆರೆಗಳು ಅಂಚಿನಲ್ಲಿ ಒಟ್ಟಿಗೇ ನಡುಗಿರುತ್ತವೆ. ಹೊಡೆದು ಹಾಕಿದ ಸ್ವರಗಳಿರುತ್ತವೆ. ಚುಕ್ಕಿ ತಪ್ಪಿದ ಕಡೆ ಅದನ್ನೇ ದಪ್ಪ ಮಾಡಿ, ಗೊಂದಲವಾಗದಿರಲಿ ಅಂತ ಪಕ್ಕದಲ್ಲಿ ಸ್ವರದ ಹೆಸರಿನ ಅಕ್ಷರ ಬರೆದಿರುತ್ತಾನೆ.

ಆಮೇಲೆ ಬಲಗಡೆಯ ಪುಟದ ಕೆಳ ಅಂಚು ನೋಡಿ. ಕೆಲವು ಹಾಳೆಗಳಲ್ಲಿ ಅಲ್ಲಿ ಒಂದೆರಡು ಬಾರ್ ಮಾತ್ರ ಗೀಚಿರುತ್ತದೆ, ಮೇಲಿನ ಸಂಗೀತಕ್ಕೆ ಸಂಬಂಧ ಇಲ್ಲವೇನೋ ಅನ್ನುವ ಹಾಗೆ. ಪುಟ ತುಂಬಿದೆ. ಶಾಯಿ ಹಸಿಯಾಗಿದೆ, ಈಗ ತಿರುಗಿಸಿದರೆ ಎಲ್ಲ ಕಲಸಿಹೋಗುತ್ತದೆ. ಮುಂದಿನ ಸಾಲು ಆಗಲೇ ತಲೆಯಲ್ಲಿ ಬಂದಿದೆ. ಮರೆತುಹೋಗದಿರಲಿ ಅಂತ ಖಾಲಿ ಜಾಗದಲ್ಲಿ ಅಷ್ಟನ್ನು ಬರೆದಿಟ್ಟು, ಒಣಗಲಿ ಅಂತ ಕಾಯುತ್ತಾ ಕೂತಿದ್ದಾನೆ. ಪುಟ ತಿರುಗಿಸಿ. ಅದೇ ಸ್ವರಗಳು ಮೇಲಿನ ಸಾಲಿನಲ್ಲಿ, ಒಮ್ಮೊಮ್ಮೆ ಹಾಗೆಯೇ, ಒಮ್ಮೊಮ್ಮೆ ಕೊಂಚ ಬದಲಾಗಿ.